ಸಭೆಯೆದುರಿನ ಸ್ತ್ರೀದನಿ: ಸಿಬಿಲ್ ಥಾರ್ನ್‌ಡೈಕ್ ಅವರ ರಂಗಜೀವನದ ಒಂದು ವಿವೇಚನೆ

ರಂಗಭೂಮಿಯ ಚರಿತ್ರೆಯು ಬಹುಮಟ್ಟಿಗೆ ನಾಟಕಕಾರರ ಚರಿತ್ರೆಯಾಗಿಯೇ ರಚಿತವಾಗಿದೆ. ಕೃತಿ ಗ್ರಂಥಾಲಯದಲ್ಲಿ ಉಳಿಯುತ್ತದೆ; ಅಭಿನಯ ಪ್ರದರ್ಶನದ ರಾತ್ರಿಯೊಡನೆಯೇ ಮುಗಿಯುತ್ತದೆ. ಹೀಗಾಗಿ ನಟನಟಿಯರ ಬಗೆಗಿನ ಬರೆಹಗಳು ಒಂದೋ ಜೀವನವೃತ್ತಾಂತಗಳಾಗುತ್ತವೆ, ಇಲ್ಲವೇ ಪ್ರಶಂಸೆಯ ಸಂಕಲನಗಳಾಗುತ್ತವೆ. ನಟಿಯೊಬ್ಬಳು ತನ್ನ ಪಾತ್ರಗಳ ಮೂಲಕ ಒಂದು ಕಾಲದ ವಿಚಾರಕ್ಕೆ ಏನನ್ನು ಸೇರಿಸಿದಳು, ನಾಟಕಕಾರನ ಕೃತಿಯಲ್ಲಿ ಅವಳ ಪಾಲೆಷ್ಟು ಎಂಬ ಪ್ರಶ್ನೆಗಳು ವಿಮರ್ಶೆಯ ಕಕ್ಷೆಗೆ ಬರುವುದು ವಿರಳ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಇಂಗ್ಲಿಷ್ ರಂಗಭೂಮಿಯ ಪ್ರಮುಖ ನಟಿಯರಲ್ಲಿ ಒಬ್ಬರಾದ ಸಿಬಿಲ್ ಥಾರ್ನ್‌ಡೈಕ್ (1882–1976) ಅವರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಬರ್ನಾರ್ಡ್ ಷಾ ಅವರ 'ಸೇಂಟ್ ಜೋನ್' ನಾಟಕವನ್ನು 1924ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಅಭಿನಯಿಸಿದವರು ಎಂಬ ಒಂದೇ ವಾಕ್ಯದಲ್ಲಿ ಸಾಹಿತ್ಯಚರಿತ್ರೆಗಳು ಅವರ ಪ್ರಸ್ತಾಪವನ್ನು ಮುಗಿಸಿಬಿಡುತ್ತವೆ.

ಆದರೆ ಥಾರ್ನ್‌ಡೈಕ್ ಅವರು ನಿರ್ವಹಿಸಿದ ಪಾತ್ರಗಳನ್ನು ಕಾಲಾನುಕ್ರಮದಲ್ಲಿ ಒಟ್ಟಿಗಿಟ್ಟು ನೋಡಿದಾಗ ಒಂದು ಆಕೃತಿ ಗೋಚರಿಸುತ್ತದೆ. ಹೆಕ್ಯುಬಾ, ಮೀಡಿಯಾ, ಶಕುಂತಲೆ, ಬಿಯಾಟ್ರಿಸ್ ಚೆಂಚಿ, ಜೋನ್, ರಾಣಿ ಕ್ಯಾಥರೀನ್, ಎಮಿಲಿಯಾ, ವೊಲಮ್ನಿಯಾ—ಇವರೆಲ್ಲರೂ ತಮ್ಮ ನಾಟಕದ ನಿರ್ಣಾಯಕ ಘಟ್ಟದಲ್ಲಿ ಪುರುಷರ ಅಧಿಕಾರದ ಎದುರು, ಹೆಚ್ಚಿನ ಸಂದರ್ಭಗಳಲ್ಲಿ ತುಂಬಿದ ಸಭೆಯ ಎದುರು, ನಿಂತು ಮಾತನಾಡುವವರು. ತಮ್ಮ ಮಾತನ್ನು ನಂಬದವರ ಮುಂದೆ ಸಾಕ್ಷ್ಯ ನುಡಿಯುವವರು. ದ್ಯೂತಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಸನ್ನಿವೇಶದ ತೀವ್ರತೆಯನ್ನು ವಿವರಿಸಬೇಕಾಗಿಲ್ಲ. 'ಸೇಂಟ್ ಜೋನ್' ನಾಟಕದ ವಿಚಾರಣೆಯ ದೃಶ್ಯವು ಈ ಸಾಲಿನಲ್ಲಿ ಏಕಾಕಿಯಾಗಿ ಹುಟ್ಟಿದ್ದಲ್ಲ. ಅದಕ್ಕೆ ಬೇಕಾದ ದನಿ, ನಿಲುವು ಮತ್ತು ಪ್ರೇಕ್ಷಕವರ್ಗ ಅದಕ್ಕಿಂತ ಹದಿನೈದು ವರ್ಷ ಮೊದಲಿನಿಂದಲೇ ಸಿದ್ಧಗೊಳ್ಳುತ್ತಿದ್ದವು. ಈ ಸಿದ್ಧತೆಯ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದನಿಯ ಶಿಕ್ಷಣ

ಆಗ್ನೆಸ್ ಸಿಬಿಲ್ ಥಾರ್ನ್‌ಡೈಕ್ ಜನಿಸಿದ್ದು 1882ರ ಅಕ್ಟೋಬರ್ 24ರಂದು, ಲಿಂಕನ್‌ಷೈರ್‌ನ ಗೇನ್ಸ್‌ಬರೋ ಎಂಬಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ. ಅವರಿಗೆ ರಾಚೆಸ್ಟರ್ ಕೆಥೀಡ್ರಲ್‌ನಲ್ಲಿ ಸ್ಥಾನ ದೊರೆತದ್ದರಿಂದ ಮಗಳ ಬಾಲ್ಯವೆಲ್ಲ ಆ ಊರಿನಲ್ಲಿಯೇ ಕಳೆಯಿತು. ನಿತ್ಯಪ್ರಾರ್ಥನೆಯ ಪಠಣ, ಸ್ತೋತ್ರಗಾನ, ಪ್ರವಚನ ಇವು ಮನೆಯ ವಾತಾವರಣವೇ ಆಗಿದ್ದವು. ಎತ್ತರದ ಕಲ್ಲಿನ ಚಾವಣಿಯ ಕೆಳಗೆ ನಿಂತು ದೂರದ ಕೊನೆಯವರೆಗೂ ಕೇಳುವಂತೆ ಮಾತನಾಡುವ ಸಂಪ್ರದಾಯದ ನಡುವೆ ಬೆಳೆದವರು ಅವರು. ಅವರ ಮೊದಲ ಆಯ್ಕೆ ರಂಗಭೂಮಿಯಲ್ಲ, ಸಂಗೀತ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯಲ್ಲಿ ಪಿಯಾನೊ ಕಲಿತು, ಕಛೇರಿಗಳನ್ನು ನೀಡುವ ಹಂತಕ್ಕೆ ಬಂದಿದ್ದಾಗ ಮಣಿಕಟ್ಟಿನ ತೊಂದರೆಯಿಂದಾಗಿ ಆ ದಾರಿಯನ್ನು ಬಿಡಬೇಕಾಯಿತು. ಆದರೂ ಸ್ವರಪ್ರಜ್ಞೆ ಅವರನ್ನು ಬಿಡಲಿಲ್ಲ. ಮುಂದೆ ಪದ್ಯನಾಟಕಗಳ ಸಂಭಾಷಣೆಯನ್ನು ಶ್ರುತಿ, ಲಯ, ವಿರಾಮಗಳ ರಚನೆಯಾಗಿ ಗ್ರಹಿಸುವ ಅವರ ಪದ್ಧತಿಯ ಮೂಲ ಇಲ್ಲಿದೆ.

ತಮ್ಮ ರಸೆಲ್ ಅವರೊಡನೆ ಬೆನ್ ಗ್ರೀಟ್ ಅವರ ನಾಟಕಶಾಲೆಯನ್ನು ಸೇರಿದ ಥಾರ್ನ್‌ಡೈಕ್ ಅವರು 1904ರಲ್ಲಿ ವೃತ್ತಿರಂಗವನ್ನು ಪ್ರವೇಶಿಸಿದರು. ಅದೇ ವರ್ಷ ಗ್ರೀಟ್ ಅವರ ತಂಡದೊಂದಿಗೆ ಅಮೆರಿಕಕ್ಕೆ ತೆರಳಿ, ಮುಂದಿನ ಮೂರು ವರ್ಷಗಳ ಬಹುಭಾಗವನ್ನು ಆ ದೇಶದ ಊರೂರುಗಳಲ್ಲಿ ಷೇಕ್ಸ್‌ಪಿಯರ್ ನಾಟಕಗಳ ಸಣ್ಣದೊಡ್ಡ ಪಾತ್ರಗಳನ್ನು ನಿರ್ವಹಿಸುತ್ತ ಕಳೆದರು. ಗ್ರೀಟ್ ಅವರ ಪ್ರದರ್ಶನಗಳು ಅನೇಕ ಸಲ ಬಯಲಿನಲ್ಲಿ, ಕಾಲೇಜುಗಳ ತೋಟಗಳಲ್ಲಿ ನಡೆಯುತ್ತಿದ್ದವು. ಬಯಲಿನಲ್ಲಿ ದನಿಯನ್ನು ಹಿಗ್ಗಿಸಿದ್ದರ ಫಲವಾಗಿ ಒಮ್ಮೆ ಅವರ ದನಿಯೇ ಕೆಟ್ಟಿತು. ವೈದ್ಯರ ಸೂಚನೆಯಂತೆ ಹಲವು ವಾರ ಸಂಪೂರ್ಣ ಮೌನದಲ್ಲಿದ್ದು ಅವರು ಅದನ್ನು ಮರಳಿ ಪಡೆದರು. ನಟಿಗೆ ದನಿಯು ಸಹಜವಾಗಿ ಒದಗಿಬರುವ ಸಂಪತ್ತಲ್ಲ, ಕಟ್ಟಿ ಕಾಪಾಡಬೇಕಾದ ಸಾಧನ ಎಂಬ ತಿಳಿವಳಿಕೆಗೆ ಈ ಅನುಭವ ಬುನಾದಿಯಾಯಿತು.

1908ರಲ್ಲಿ ಅವರು ಮ್ಯಾಂಚೆಸ್ಟರ್‌ನ ಗೇಯಟಿ ರಂಗಮಂದಿರದ ತಂಡವನ್ನು ಸೇರಿದರು. ಚಹಾ ವ್ಯಾಪಾರದ ಶ್ರೀಮಂತ ಮನೆತನದ ಆ್ಯನಿ ಹಾರ್ನಿಮನ್ ಅವರು ಅಲ್ಲಿ ಸ್ಥಾಪಿಸಿದ ರೆಪರ್ಟರಿ ಪದ್ಧತಿಯು ಬ್ರಿಟಿಷ್ ರಂಗಭೂಮಿಯಲ್ಲಿ ಹೊಸ ಹೆಜ್ಜೆಯಾಗಿತ್ತು. ಒಬ್ಬ ಪ್ರಖ್ಯಾತ ನಟನ ಸುತ್ತ ಕಂಪನಿಯನ್ನು ಕಟ್ಟಿ, ಒಂದೇ ನಾಟಕವನ್ನು ತಿಂಗಳುಗಟ್ಟಲೆ ಆಡುವ ಲಂಡನ್ ಕ್ರಮಕ್ಕೆ ಬದಲಾಗಿ, ಸ್ಥಿರವಾದ ತಂಡವೊಂದು ಹಲವು ನಾಟಕಗಳನ್ನು ಸರದಿಯಲ್ಲಿ ಆಡುವುದು ಈ ಪದ್ಧತಿಯ ತಿರುಳು. ಇಂದಿನ ಮುಖ್ಯ ಪಾತ್ರಧಾರಿ ನಾಳೆ ಸಣ್ಣ ಪಾತ್ರಕ್ಕೆ ಇಳಿಯಬೇಕಾಗುತ್ತಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಂಡದ ಸಹನಟ ಲೂಯಿಸ್ ಕ್ಯಾಸನ್ ಅವರೊಡನೆ ವಿವಾಹವಾಯಿತು. ಕ್ಯಾಸನ್ ಅವರು ವಿಲಿಯಂ ಪೋಲ್ ಅವರ ಪ್ರಯೋಗಗಳಲ್ಲಿ ಪಳಗಿದವರು. ಷೇಕ್ಸ್‌ಪಿಯರ್‌ನ ಸಾಲುಗಳನ್ನು ನಿಶ್ಚಿತವಾದ ಸ್ವರವಿನ್ಯಾಸದಲ್ಲಿ ನುಡಿಯಬೇಕೆಂಬ ಪೋಲ್ ಅವರ ಸಿದ್ಧಾಂತವನ್ನು ಜೀವನಪರ್ಯಂತ ಪಾಲಿಸಿದವರು. ಸಂಗೀತಗಾರ್ತಿಯಾಗಿದ್ದ ನಟಿ ಮತ್ತು ಸ್ವರವನ್ನೇ ನಿರ್ದೇಶನದ ಕೇಂದ್ರವಾಗಿಸಿಕೊಂಡ ನಿರ್ದೇಶಕ—ಈ ಜೋಡಿಯ ಕೆಲಸವನ್ನು ಬಿಟ್ಟು ಥಾರ್ನ್‌ಡೈಕ್ ಅವರ ಸಾಧನೆಯನ್ನು ವಿವರಿಸಲಾಗದು.

ಗೇಯಟಿ ರಂಗಮಂದಿರದಲ್ಲಿ ಅವರು ಆಡಿದ ಪಾತ್ರಗಳಲ್ಲಿ 1913ರ 'ಜೇನ್ ಕ್ಲೆಗ್' ವಿಶೇಷವಾಗಿ ಉಲ್ಲೇಖನೀಯ. ಸೇಂಟ್ ಜಾನ್ ಅರ್ವಿನ್ ಅವರ ಈ ನಾಟಕದಲ್ಲಿ ಸುಳ್ಳುಗಾರನೂ ಹಣ ದುರುಪಯೋಗಪಡಿಸಿದವನೂ ಆದ ಗಂಡನನ್ನು ಕೆಳಮಧ್ಯಮ ವರ್ಗದ ಗೃಹಿಣಿಯೊಬ್ಬಳು ಕೊನೆಗೆ ಮನೆಯಿಂದ ಕಳುಹಿಸಿಕೊಡುತ್ತಾಳೆ. ಇಬ್ಸನ್ನನ ನೋರಾ ಮನೆ ಬಿಟ್ಟು ಹೋದರೆ ಜೇನ್ ಮನೆಯಲ್ಲಿ ಉಳಿದು ತೀರ್ಪು ನೀಡುತ್ತಾಳೆ. ಇಲ್ಲಿ ಸಭೆಯಿಲ್ಲ, ಇರುವುದು ಮನೆಯ ಕೋಣೆ ಮಾತ್ರ. ಆದರೆ ಆರೋಪ, ಸಾಕ್ಷ್ಯ, ನಿರ್ಣಯ ಎಂಬ ವಿಚಾರಣೆಯ ವಿನ್ಯಾಸ ಇಲ್ಲಿಯೂ ಇದೆ. ಮತದಾನದ ಹಕ್ಕಿಗಾಗಿ ಸ್ತ್ರೀಯರ ಹೋರಾಟ ಉತ್ಕಟವಾಗಿದ್ದ ವರ್ಷಗಳಿವು. 1908ರಲ್ಲಿ ಸ್ಥಾಪಿತವಾದ ನಟಿಯರ ಮತಾಧಿಕಾರ ಸಂಘಕ್ಕೆ ಥಾರ್ನ್‌ಡೈಕ್ ಅವರ ಬೆಂಬಲವೂ ಇತ್ತು ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಓಲ್ಡ್ ವಿಕ್: ಯುದ್ಧಕಾಲದ ರಂಗ

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಲಂಡನ್ನಿನ ವಾಟರ್ಲೂ ರಸ್ತೆಯಲ್ಲಿದ್ದ ಓಲ್ಡ್ ವಿಕ್ ರಂಗಮಂದಿರದ ವ್ಯವಸ್ಥಾಪಕಿ ಲಿಲಿಯನ್ ಬೇಲಿಸ್ ಅವರು ಶ್ರಮಜೀವಿಗಳ ಬಡಾವಣೆಯ ಜನರಿಗೆ ಕಡಿಮೆ ದರದಲ್ಲಿ ಷೇಕ್ಸ್‌ಪಿಯರ್ ನಾಟಕಗಳನ್ನು ತೋರಿಸುವ ಸಾಹಸಕ್ಕೆ ತೊಡಗಿದ್ದರು. ಥಾರ್ನ್‌ಡೈಕ್ ಅವರು ಅದೇ ವರ್ಷ ಅಲ್ಲಿಗೆ ಸೇರಿ 1918ರವರೆಗೆ ಇದ್ದರು. ನಟರು ಸೈನ್ಯಕ್ಕೆ ಹೋದಂತೆಲ್ಲ ಪುರುಷಪಾತ್ರಗಳು ತೆರವಾಗುತ್ತಿದ್ದವು. ರೋಸಲಿಂಡ್, ಲೇಡಿ ಮ್ಯಾಕ್‌ಬೆತ್ ಮೊದಲಾದ ಸ್ತ್ರೀಪಾತ್ರಗಳ ಜೊತೆಗೆ ಅವರು ರಾಜಕುಮಾರ ಹಾಲ್, 'ಕಿಂಗ್ ಲಿಯರ್' ನಾಟಕದ ವಿದೂಷಕ, 'ದಿ ಟೆಂಪೆಸ್ಟ್' ನಾಟಕದ ಫರ್ಡಿನೆಂಡ್, ಪಕ್—ಈ ಪಾತ್ರಗಳನ್ನೂ ವಹಿಸಿಕೊಂಡರು.

ಈ ಪಾತ್ರಾಂತರವನ್ನು ಯುದ್ಧಕಾಲದ ಅನಿವಾರ್ಯತೆ ಎಂದಷ್ಟೇ ಪರಿಗಣಿಸಿದರೆ ಅದರ ಫಲ ಕಾಣದೆ ಹೋಗುತ್ತದೆ. ಷೇಕ್ಸ್‌ಪಿಯರ್‌ನ ನಾಟಕಗಳಲ್ಲಿ ರಾಜ್ಯ, ಯುದ್ಧ, ಧರ್ಮಗಳ ವಿಷಯವಾಗಿ ಬಹಿರಂಗವಾಗಿ ಮಾತನಾಡುವ ಹಕ್ಕು ಮುಖ್ಯವಾಗಿ ಪುರುಷರಿಗೆ ಸೇರಿದ್ದು. ಸ್ತ್ರೀಪಾತ್ರಗಳ ಬಹುಪಾಲು ಮಾತು ಅಂತರಂಗದ್ದು, ಪ್ರಣಯದ್ದು ಅಥವಾ ವಿಲಾಪದ್ದು. ಹಾಲ್‌ನಂತಹ ಪಾತ್ರವನ್ನು ನಿರ್ವಹಿಸಿದ ನಟಿಗೆ ರಾಜ್ಯದ ಭಾಷೆಯನ್ನು ನುಡಿಯುವ ಅಭ್ಯಾಸ ದೊರೆಯಿತು. ಜೊತೆಗೆ, ವಿದೂಷಕನ ಪಾತ್ರದಲ್ಲಿ ಅಧಿಕಾರದ ಎದುರು ಸತ್ಯವನ್ನು ಹಗುರವಾಗಿ, ವಿನೋದದಿಂದ ಹೇಳುವ ಕ್ರಮವೂ ಕೈಗೂಡಿತು. ಮುಂದೆ ಜೋನ್ ಫ್ರಾನ್ಸಿನ ಯುವರಾಜನೊಡನೆ ಸಲಿಗೆಯಿಂದಲೂ, ಸೇನಾನಿಗಳೊಡನೆ ಸಮಾನಳಾಗಿಯೂ ಮಾತನಾಡುವ ಪ್ರಸಂಗಗಳಿಗೆ ಇವೆರಡೂ ಬೇಕಾಗಿದ್ದವು. ಓಲ್ಡ್ ವಿಕ್‌ನ ಪ್ರೇಕ್ಷಕರೂ ಈ ಶಿಕ್ಷಣದ ಭಾಗವೇ. ವಾಯುದಾಳಿಯ ನಡುವೆಯೂ ನಾಟಕ ನಿಲ್ಲದ ಆ ರಂಗಮಂದಿರದಲ್ಲಿ, ಶಿಷ್ಟ ಸಮಾಜದ ಮೌನವನ್ನು ಪಾಲಿಸದ ಜನರನ್ನು ಮಾತಿನ ಬಲದಿಂದಲೇ ಹಿಡಿದಿಡಬೇಕಾಗಿತ್ತು.

1919: ಹೆಕ್ಯುಬಾ ಮತ್ತು ಶಕುಂತಲೆ

ಯುದ್ಧವು ಮುಗಿದ ಮರುವರ್ಷ, 1919ರಲ್ಲಿ, ಓಲ್ಡ್ ವಿಕ್‌ನಲ್ಲಿ ಯೂರಿಪಿಡೀಸನ 'ದಿ ಟ್ರೋಜನ್ ವಿಮೆನ್' ನಾಟಕ ಗಿಲ್ಬರ್ಟ್ ಮರ್ರೆ ಅವರ ಅನುವಾದದಲ್ಲಿ ಪ್ರದರ್ಶಿತವಾಯಿತು. ಥಾರ್ನ್‌ಡೈಕ್ ಅವರದು ಹೆಕ್ಯುಬಾಳ ಪಾತ್ರ. ಗೆದ್ದ ಸೈನ್ಯದ ದಾಸಿಯರಾಗಿ ಹಂಚಿಹೋಗುತ್ತಿರುವ ಟ್ರಾಯ್ ನಗರದ ಸ್ತ್ರೀಯರ ಈ ನಾಟಕವನ್ನು ಆ ವರ್ಷದ ಪ್ರೇಕ್ಷಕರು ಪ್ರಾಚೀನ ಕಥೆಯೆಂದು ನೋಡುವಂತಿರಲಿಲ್ಲ. ನಟಿ ಸ್ವತಃ ತಮ್ಮ ಫ್ರಾಂಕ್ ಅವರನ್ನು ಯುದ್ಧದಲ್ಲಿ ಕಳೆದುಕೊಂಡಿದ್ದರು.

ಹೆಕ್ಯುಬಾಳ ಪಾತ್ರವನ್ನು ಸಾಮಾನ್ಯವಾಗಿ ವಿಲಾಪದ ಪಾತ್ರವೆಂದು ತಿಳಿಯಲಾಗುತ್ತದೆ. ವಾಸ್ತವವಾಗಿ ನಾಟಕದ ಮಧ್ಯದಲ್ಲಿ ಒಂದು ಪೂರ್ಣ ಪ್ರಮಾಣದ ವಿಚಾರಣೆಯಿದೆ. ಮೆನೆಲಾಸ್‌ನ ಎದುರಿಗೆ ಹೆಲೆನ್ ತನ್ನನ್ನು ಸಮರ್ಥಿಸಿಕೊಳ್ಳುತ್ತಾಳೆ. ಹೆಕ್ಯುಬಾ ಆ ಸಮರ್ಥನೆಯನ್ನು ಒಂದೊಂದಾಗಿ ಖಂಡಿಸುತ್ತಾಳೆ. ವಾದದಲ್ಲಿ ಹೆಕ್ಯುಬಾಳೇ ಗೆಲ್ಲುತ್ತಾಳೆ. ಆದರೆ ಆ ಗೆಲುವಿನಿಂದ ಏನೂ ಬದಲಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಮೊಮ್ಮಗನ ಶವ ಹೆಕ್ಟರನ ಗುರಾಣಿಯ ಮೇಲೆ ಬರುತ್ತದೆ. ನ್ಯಾಯವಾದ ಮಾತಿಗೂ ಅದರ ಪರಿಣಾಮಕ್ಕೂ ನಡುವಿನ ಈ ಕಂದಕವೇ ಥಾರ್ನ್‌ಡೈಕ್ ಅವರ ದುರಂತ ಪಾತ್ರಗಳ ಸ್ಥಾಯಿಯಾಯಿತು. 1920ರಲ್ಲಿ ಹೋಬರ್ನ್ ಎಂಪೈರ್ ಎಂಬ ಜನಪ್ರಿಯ ವಿನೋದಮಂದಿರದಲ್ಲಿ ಹಗಲಿನ ಪ್ರದರ್ಶನಗಳಾಗಿ ಮೂಡಿದ 'ಮೀಡಿಯಾ' ಈ ಮಾರ್ಗದ ಮುಂದುವರಿಕೆ. ಕೊರಿಂತ್‌ನ ಸ್ತ್ರೀಯರ ಮುಂದೆ ಮೀಡಿಯಾ ಸ್ತ್ರೀಜನ್ಮದ ಅನ್ಯಾಯಗಳನ್ನು ಎಣಿಸುವ ಭಾಗವು ಮರ್ರೆ ಅವರ ಅನುವಾದದಲ್ಲಿ ಮತಾಧಿಕಾರ ಹೋರಾಟಗಾರ್ತಿಯರಿಗೆ ಮೊದಲೇ ಪರಿಚಿತವಾಗಿತ್ತು.

ಹೆಕ್ಯುಬಾಳ ವರ್ಷದಲ್ಲಿಯೇ, 1919ರ ನವೆಂಬರ್‌ನಲ್ಲಿ, ಲಂಡನ್ನಿನ ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಕಾಳಿದಾಸನ 'ಶಾಕುಂತಲ' ನಾಟಕದ ಇಂಗ್ಲಿಷ್ ರಂಗರೂಪ ಪ್ರಯೋಗವಾಯಿತು. ಕೇದಾರನಾಥ ದಾಸಗುಪ್ತ ಅವರು ಸಿದ್ಧಪಡಿಸಿದ ಪಠ್ಯವನ್ನು ಕವಿ ಲಾರೆನ್ಸ್ ಬಿನ್ಯನ್ ಅವರು ಹೊಸದಾಗಿ ಬರೆದಿದ್ದರು. ರವೀಂದ್ರನಾಥ ಠಾಕೂರರ ಪ್ರಸ್ತಾವನಾ ಪ್ರಬಂಧದೊಂದಿಗೆ ಅದು 1920ರಲ್ಲಿ ಗ್ರಂಥರೂಪದಲ್ಲಿಯೂ ಪ್ರಕಟವಾಯಿತು. ಶಕುಂತಲೆಯಾಗಿ ಅಭಿನಯಿಸಿದವರು ಥಾರ್ನ್‌ಡೈಕ್. ಅವರ ಜೀವನಚರಿತ್ರೆಗಳಲ್ಲಿ ಬದಿಗೆ ಸರಿಯುವ ಈ ಪಾತ್ರ ಭಾರತೀಯ ರಂಗಾಧ್ಯಯನದ ದೃಷ್ಟಿಯಿಂದ ಮಹತ್ವದ್ದು. ಕನ್ನಡದಲ್ಲಿ ಬಸವಪ್ಪ ಶಾಸ್ತ್ರಿಗಳ 'ಕರ್ಣಾಟಕ ಶಾಕುಂತಲ ನಾಟಕ' ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ರಂಗಕ್ಕೆ ಒದಗಿತ್ತು. ಆದರೆ ವೃತ್ತಿಕಂಪನಿಗಳಲ್ಲಿ ಸ್ತ್ರೀಪಾತ್ರಗಳನ್ನು ಬಹುಪಾಲು ಪುರುಷರೇ ನಿರ್ವಹಿಸುತ್ತಿದ್ದ ಕಾಲವದು. ರಾಜಕುಮಾರ ಹಾಲ್‌ನ ಪಾತ್ರವನ್ನು ವಹಿಸಿದ್ದ ನಟಿಯೊಬ್ಬಳು ಲಂಡನ್ನಿನಲ್ಲಿ ಶಕುಂತಲೆಯಾದದ್ದು ಆ ಕಾಲದ ಎರಡು ರಂಗಭೂಮಿಗಳ ಪರಸ್ಪರ ವಿರುದ್ಧವಾದ ಸ್ಥಿತಿಗಳನ್ನು ತೋರಿಸುತ್ತದೆ.

ಯೂರೋಪಿನ ರಸಿಕರು ಶಕುಂತಲೆಯನ್ನು ಬಹುಕಾಲ ಆಶ್ರಮದ ಮುಗ್ಧೆಯಾಗಿಯೇ ಆರಾಧಿಸಿದ್ದರು. ಆದರೆ ನಾಟಕದ ತೂಕವಿರುವುದು ಐದನೆಯ ಅಂಕದಲ್ಲಿ. ಅಲ್ಲಿ ಗರ್ಭಿಣಿಯಾದ ಶಕುಂತಲೆ ದುಷ್ಯಂತನ ಆಸ್ಥಾನದಲ್ಲಿ ನಿಂತು ತನ್ನ ಸತ್ಯಕ್ಕೆ ತಾನೇ ಸಾಕ್ಷಿಯಾಗಬೇಕಾಗುತ್ತದೆ. ಉಂಗುರವೆಂಬ ಹೊರಗಿನ ಸಾಕ್ಷ್ಯ ಕಳೆದುಹೋದಾಗ ಅವಳಿಗೆ ಉಳಿಯುವುದು ಮಾತು ಮಾತ್ರ. ಆ ಮಾತನ್ನು ರಾಜ ನಂಬುವುದಿಲ್ಲ. ಆಗ ಅವಳ ವಿನಯ ಕೋಪಕ್ಕೆ ತಿರುಗುತ್ತದೆ. ಮಹಾಭಾರತದ ಶಕುಂತಲೆ ಇದೇ ಸಭೆಯಲ್ಲಿ ಇನ್ನೂ ದಿಟ್ಟವಾಗಿ ವಾದಿಸುತ್ತಾಳೆ. ಕಾಳಿದಾಸನು ಅವಳ ವಾದವನ್ನು ಮೆದುಗೊಳಿಸಿ, ದೂರ್ವಾಸನ ಶಾಪದ ಮೂಲಕ ರಾಜನ ಹೊಣೆಯನ್ನು ಹಗುರಗೊಳಿಸಿದನು. ಹೆಕ್ಯುಬಾಳ ಮಾತು ನಿಷ್ಫಲವಾದರೆ ಶಕುಂತಲೆಯ ಮಾತನ್ನು ಕೊನೆಗೆ ದೈವವೇ ಸಮರ್ಥಿಸುತ್ತದೆ. ಒಂದೇ ವರ್ಷದಲ್ಲಿ, ಒಬ್ಬಳೇ ನಟಿಯ ದನಿಯಲ್ಲಿ, ಸಭೆಯೆದುರು ನಿಂತ ಸ್ತ್ರೀಯ ಕುರಿತಾದ ಗ್ರೀಕ್ ಮತ್ತು ಸಂಸ್ಕೃತ ಕಲ್ಪನೆಗಳೆರಡೂ ಲಂಡನ್ನಿನ ರಂಗದ ಮೇಲೆ ಬಂದವು.

ಈ ಸನ್ನಿವೇಶಕ್ಕೆ ಕಾನೂನಿನ ಚರಿತ್ರೆಯಲ್ಲಿ ಒಂದು ಸಮಾನಾಂತರವಿದೆ. ಬ್ರಿಟನ್ನಿನಲ್ಲಿ 1918ರ ಶಾಸನವು ಮೂವತ್ತು ವಯಸ್ಸು ಮೀರಿದ, ನಿಗದಿತ ಅರ್ಹತೆಯುಳ್ಳ ಸ್ತ್ರೀಯರಿಗೆ ಮತದಾನದ ಹಕ್ಕನ್ನು ನೀಡಿತು. 1919ರ ಶಾಸನವು ವಕೀಲಿ ವೃತ್ತಿಯ ಮತ್ತು ಜ್ಯೂರಿಯ ಬಾಗಿಲನ್ನು ಸ್ತ್ರೀಯರಿಗೆ ತೆರೆಯಿತು. 1920ರಲ್ಲಿ ಇಂಗ್ಲೆಂಡಿನಲ್ಲಿ ಸ್ತ್ರೀಯರು ಮೊದಲ ಬಾರಿಗೆ ಜ್ಯೂರಿಯಲ್ಲಿ ಕುಳಿತರು. 1922ರಲ್ಲಿ ಐವಿ ವಿಲಿಯಮ್ಸ್ ಅವರು ಅಲ್ಲಿಯ ಮೊದಲ ಮಹಿಳಾ ಬ್ಯಾರಿಸ್ಟರ್ ಆದರು. ಶತಮಾನಗಳಿಂದ ನ್ಯಾಯಸ್ಥಾನದಲ್ಲಿ ಆರೋಪಿ ಅಥವಾ ಸಾಕ್ಷಿ ಮಾತ್ರ ಆಗಿರಬಹುದಾಗಿದ್ದ ಸ್ತ್ರೀ ಈಗ ತೀರ್ಪು ಕೊಡುವ ಸ್ಥಾನಕ್ಕೂ ಬಂದಳು. ಥಾರ್ನ್‌ಡೈಕ್ ಅವರ ವಿಚಾರಣೆಯ ಪಾತ್ರಗಳು ದಟ್ಟವಾಗಿ ಬರುವುದು ಈ ವರ್ಷಗಳಲ್ಲಿಯೇ. ಇದನ್ನು ಕಾರ್ಯಕಾರಣ ಸಂಬಂಧವೆಂದು ಹೇಳಬೇಕಾಗಿಲ್ಲ. ಆದರೆ ಆ ಪಾತ್ರಗಳ ಮಾತನ್ನು ಕೇಳಿದ ಪ್ರೇಕ್ಷಕರ ಕಿವಿ ಹಿಂದಿನ ಪೀಳಿಗೆಯದಾಗಿರಲಿಲ್ಲ.

ಬಿಯಾಟ್ರಿಸ್‌ಳಿಂದ ಜೋನ್‌ವರೆಗೆ

1920ರಿಂದ 1922ರವರೆಗೆ ಲಿಟಲ್ ಥಿಯೇಟರ್‌ನಲ್ಲಿ ನಡೆದ 'ಗ್ರ್ಯಾಂಡ್ ಗಿನ್ಯಾಲ್' ಮಾದರಿಯ ಭಯಾನಕ ಕಿರುನಾಟಕಗಳಲ್ಲಿಯೂ ಥಾರ್ನ್‌ಡೈಕ್ ಅವರು ಪ್ರಮುಖ ಪಾತ್ರಗಳನ್ನು ವಹಿಸಿದರು. ಹುಚ್ಚಾಸ್ಪತ್ರೆಯ ವೃದ್ಧೆಯರ ಕೈಗೆ ಸಿಕ್ಕಿ ಕಣ್ಣು ಕಳೆದುಕೊಳ್ಳುವ ಹುಡುಗಿಯ ಪಾತ್ರ ಅವುಗಳಲ್ಲೊಂದು. ಗಂಭೀರ ನಟಿಯ ಜೀವನದಲ್ಲಿ ಇದು ಅಸಂಗತ ಅಧ್ಯಾಯವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಭಯವನ್ನು ದೇಹದಲ್ಲಿ ತೋರಿಸುವ ಕಲೆ ಇಲ್ಲಿ ಸಿದ್ಧಿಸಿತು. ಗ್ರೀಕ್ ದುರಂತದಲ್ಲಿ ದನಿಯೇ ಪ್ರಧಾನ. ಇಲ್ಲಿ ಹಿಂಸೆಗೊಳಗಾಗುವ ಶರೀರ ಪ್ರಧಾನ. ಮುಂದಿನ ಎರಡು ಪಾತ್ರಗಳಿಗೆ ಇವೆರಡೂ ಅಗತ್ಯವಾಗಿದ್ದವು.

ಅವುಗಳಲ್ಲಿ ಮೊದಲನೆಯದು ಷೆಲ್ಲಿಯ 'ದಿ ಚೆಂಚಿ' ನಾಟಕದ ಬಿಯಾಟ್ರಿಸ್. 1819ರಲ್ಲಿ ರಚಿತವಾದ ಈ ದುರಂತದ ವಸ್ತು ತಂದೆಯಿಂದಲೇ ಮಗಳ ಮೇಲೆ ನಡೆಯುವ ಅತ್ಯಾಚಾರ. ಆ ಕಾರಣದಿಂದಾಗಿ ಅದಕ್ಕೆ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪ್ರದರ್ಶನದ ಅನುಮತಿ ಇರಲಿಲ್ಲ. 1886ರಲ್ಲಿ ಷೆಲ್ಲಿ ಸೊಸೈಟಿಯು ಖಾಸಗಿಯಾಗಿ ಅದನ್ನು ಆಡಿಸಿತ್ತು. ಕವಿಯ ಮರಣದ ಶತಮಾನೋತ್ಸವದ ವರ್ಷವಾದ 1922ರ ನವೆಂಬರ್‌ನಲ್ಲಿ ಕ್ಯಾಸನ್ ಅವರ ನಿರ್ದೇಶನದಲ್ಲಿ ನ್ಯೂ ಥಿಯೇಟರ್‌ನಲ್ಲಿ ಅದು ಬಹಿರಂಗವಾಗಿ ಪ್ರದರ್ಶಿತವಾಯಿತು. ತಂದೆಯ ಕೊಲೆಗೆ ಕಾರಣಳಾದ ಬಿಯಾಟ್ರಿಸ್ ನ್ಯಾಯಾಧೀಶರ ಮುಂದೆ ಅಪರಾಧವನ್ನು ನಿರಾಕರಿಸುತ್ತಾಳೆ. ತನ್ನ ಮೇಲಾದ ಅನ್ಯಾಯವನ್ನು ಹೇಳಲು ಭಾಷೆಯಲ್ಲಿ ಪದವಿಲ್ಲ. ಹೇಳಿದರೂ ಕೇಳುವ ನ್ಯಾಯಸ್ಥಾನವಿಲ್ಲ. ಆದ್ದರಿಂದ ಅವಳು ವಾಸ್ತವಾಂಶವನ್ನು ಮುಚ್ಚಿ, ತಾನು ನಿರಪರಾಧಿಯೆಂಬ ಆಳವಾದ ಸತ್ಯವನ್ನು ಸಾರುತ್ತಾಳೆ. ತನ್ನ ವಿರುದ್ಧ ಸಾಕ್ಷಿ ನುಡಿದ ಮಾರ್ಜಿಯೊ ಎಂಬ ಹಂತಕ ಕೇವಲ ಅವಳ ದೃಷ್ಟಿ ಮತ್ತು ಮಾತುಗಳ ಎದುರಿನಲ್ಲಿ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳುವ ದೃಶ್ಯ ಓದಿಗೆ ಅಸಂಭಾವ್ಯವೆನಿಸುತ್ತದೆ. ಅದನ್ನು ಸಂಭಾವ್ಯಗೊಳಿಸಬೇಕಾದವಳು ನಟಿಯೇ.

ಈ ಪ್ರದರ್ಶನದ ವಿಚಾರಣೆಯ ದೃಶ್ಯವನ್ನು ನೋಡಿದ ಷಾ ಅವರು ತಮ್ಮ ಜೋನ್ ಇವರೇ ಎಂದು ನಿಶ್ಚಯಿಸಿದರೆಂಬುದು ರಂಗಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು. ಜೋನ್ ಆಫ್ ಆರ್ಕ್‌ಳನ್ನು ಚರ್ಚು 1920ರಲ್ಲಿ ಸಂತಳೆಂದು ಘೋಷಿಸಿತ್ತು. 1923ರಲ್ಲಿ ಷಾ ಅವರು ನಾಟಕವನ್ನು ಬರೆದರು. ಮೊದಲ ಪ್ರದರ್ಶನ ನ್ಯೂಯಾರ್ಕಿನಲ್ಲಿ 1923ರ ಡಿಸೆಂಬರ್ 28ರಂದು ವಿನಿಫ್ರೆಡ್ ಲೆನಿಹನ್ ಅವರ ಅಭಿನಯದಲ್ಲಿ ನಡೆಯಿತು. ಲಂಡನ್ನಿನ ಪ್ರದರ್ಶನ ನ್ಯೂ ಥಿಯೇಟರ್‌ನಲ್ಲಿ 1924ರ ಮಾರ್ಚ್ 26ರಂದು ಆರಂಭವಾಗಿ 244 ಪ್ರಯೋಗಗಳನ್ನು ಕಂಡಿತು. ರಂಗಸಜ್ಜಿಕೆ ಮತ್ತು ಉಡುಪುಗಳ ವಿನ್ಯಾಸ ಚಾರ್ಲ್ಸ್ ರಿಕೆಟ್ಸ್ ಅವರದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸುಟ್ಟುಹೋದ ಹುಡುಗಿಯ ಪಾತ್ರವನ್ನು ನಿರ್ವಹಿಸುವಾಗ ನಟಿಗೆ ನಲವತ್ತೊಂದು ವರ್ಷ.

ಜೋನ್ ಯಾರ ಸೃಷ್ಟಿ?

ಒಂದು ಪಾತ್ರದಲ್ಲಿ ನಟಿಯ ಪಾಲೆಷ್ಟು ಎಂಬುದನ್ನು ಅಳೆಯಲು ಅದೇ ಪಠ್ಯವನ್ನು ಇತರರು ನಿರ್ವಹಿಸಿದ ಬಗೆಯೊಡನೆ ಹೋಲಿಸುವುದು ಒಂದು ಕ್ರಮ. 1924ರಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್ ಅವರ ಬರ್ಲಿನ್ ಪ್ರಯೋಗದಲ್ಲಿ ಎಲಿಜಬೆತ್ ಬರ್ಗ್ನರ್ ಅವರೂ, 1925ರಲ್ಲಿ ಪ್ಯಾರಿಸ್ಸಿನಲ್ಲಿ ಲ್ಯುಡ್ಮಿಲಾ ಪಿತೋಯೆಫ್ ಅವರೂ ಜೋನ್ ಆದರು. ಎರಡೂ ಪ್ರಯೋಗಗಳು ಅಪಾರ ಯಶಸ್ಸು ಪಡೆದವು. ಎರಡರಲ್ಲಿಯೂ ಜೋನ್ ಕೋಮಲೆ, ದುರ್ಬಲೆ, ಕರುಣೆಗೆ ಪಾತ್ರಳಾದ ಬಲಿಪಶು. ಷಾ ಅವರಿಗೆ ಈ ಎರಡು ಜೋನ್‌ಗಳೂ ಒಪ್ಪಿಗೆಯಾಗಲಿಲ್ಲ. ಥಾರ್ನ್‌ಡೈಕ್ ಅವರ ಜೋನ್ ಗ್ರಾಮೀಣ ಉಚ್ಚಾರಣೆಯ ಛಾಯೆಯುಳ್ಳ, ಗಟ್ಟಿಮುಟ್ಟಾದ, ನಿಸ್ಸಂಕೋಚದ ರೈತಹುಡುಗಿ. ಪಠ್ಯ ಮೂರೂ ಕಡೆ ಒಂದೇ ಆಗಿದ್ದರೂ ಪಾತ್ರ ಬೇರೆಬೇರೆಯಾಯಿತು. ಕರುಣೆಯನ್ನು ಬೇಡುವ ಜೋನ್ ಸಭೆಯ ಅಧಿಕಾರವನ್ನು ಪರೋಕ್ಷವಾಗಿ ಒಪ್ಪಿಕೊಂಡಂತೆ. ವಾದಿಸುವ ಜೋನ್ ಆ ಅಧಿಕಾರವನ್ನೇ ಪ್ರಶ್ನಿಸುತ್ತಾಳೆ.

ಇನ್ನೊಂದು ಅಂಶ ಇನ್ನೂ ಸೂಕ್ಷ್ಮವಾದದ್ದು. ಷಾ ಅವರು ತಮ್ಮ ದೀರ್ಘ ಮುನ್ನುಡಿಯಲ್ಲಿ ಜೋನ್ ಕೇಳಿದ ದನಿಗಳನ್ನು ಅವಳ ಕಲ್ಪನಾಶಕ್ತಿಯ ರೂಪಗಳೆಂದು ವಿವರಿಸುತ್ತಾರೆ. ಅವಳನ್ನು ಸುಟ್ಟವರು ದುಷ್ಟರಲ್ಲ, ತಮ್ಮ ಕಾಲದ ನಿಯಮಗಳಿಗೆ ಬದ್ಧರಾದ ಪ್ರಾಮಾಣಿಕರು ಎಂದು ವಾದಿಸುತ್ತಾರೆ. ಇದು ವಿಚಾರವಾದಿಯ ನಿಲುವು. ಥಾರ್ನ್‌ಡೈಕ್ ಅವರಾದರೋ ಶ್ರದ್ಧಾವಂತ ಕ್ರೈಸ್ತರು. ಅವರಿಗೆ ಆ ದನಿಗಳು ಸತ್ಯ. ಮುನ್ನುಡಿ ಏನನ್ನು ವಿವರಣೆಯಿಂದ ಕರಗಿಸುತ್ತದೆಯೋ ಅದನ್ನು ಅಭಿನಯವು ಅನುಭವವಾಗಿ ಮರಳಿಸಿತು. ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಜೋನ್, ತನಗೆ ದೊರೆಯುವುದು ಬಿಡುಗಡೆಯಲ್ಲ, ಆಜೀವ ಸೆರೆವಾಸ ಎಂದು ತಿಳಿದೊಡನೆ ಅದನ್ನು ಹರಿದುಹಾಕುವ ಘಳಿಗೆಯಲ್ಲಿ ಈ ಎರಡು ನಿಲುವುಗಳೂ ಸಂಧಿಸುತ್ತವೆ. ಅದು ಷಾ ಅವರ ತರ್ಕಕ್ಕೆ ವ್ಯಕ್ತಿಸ್ವಾತಂತ್ರ್ಯದ ನಿರ್ಧಾರ. ನಟಿಯ ಶ್ರದ್ಧೆಗೆ ದೈವದೊಡನೆ ಮುರಿದ ಮಾತನ್ನು ಮತ್ತೆ ಕೂಡಿಸಿಕೊಳ್ಳುವ ಪ್ರಾಯಶ್ಚಿತ್ತ. ನಾಟಕವು ಬರಿಯ ವಿಚಾರಪ್ರಬಂಧವಾಗದೆ ದುರಂತವಾಗಿ ಉಳಿದದ್ದು ಈ ದ್ವಂದ್ವದಿಂದ. ಸತ್ಯವನ್ನು ಕಾಪಾಡಲು ವಾಸ್ತವಾಂಶವನ್ನು ಮರೆಮಾಡಿದ ಬಿಯಾಟ್ರಿಸ್‌ಳಿಗೂ, ಬದುಕಲು ಒಂದು ಸುಳ್ಳಿಗೆ ಒಪ್ಪಿ ಮರುಕ್ಷಣವೇ ಅದನ್ನು ಹರಿದ ಜೋನ್‌ಗೂ ನಡುವಣ ಅಂತರವನ್ನು ಒಬ್ಬಳೇ ನಟಿ ಹದಿನಾರು ತಿಂಗಳಲ್ಲಿ ಕ್ರಮಿಸಿದ್ದಳು.

ನಂತರದ ಪಾತ್ರಗಳು ಮತ್ತು ಮಿತಿಗಳು

ಜೋನ್ ನಂತರವೂ ಸಭೆ ಅವರನ್ನು ಬಿಡಲಿಲ್ಲ. 1925ರ ಡಿಸೆಂಬರ್‌ನಲ್ಲಿ 'ಹೆನ್ರಿ ದಿ ಏಯ್ತ್' ನಾಟಕದ ರಾಣಿ ಕ್ಯಾಥರೀನ್ ಆಗಿ ಅವರು ಧರ್ಮಾಧಿಕಾರಿಗಳ ನ್ಯಾಯಸಭೆಯನ್ನು ತಿರಸ್ಕರಿಸಿ ಹೊರನಡೆದರು. 1928ರ ಮೂಕಚಿತ್ರ 'ಡಾನ್'ನಲ್ಲಿ ಅವರದು, 1915ರಲ್ಲಿ ಜರ್ಮನ್ ಸೈನಿಕ ನ್ಯಾಯಾಲಯದ ತೀರ್ಪಿನಂತೆ ಗುಂಡಿಗೆ ಬಲಿಯಾದ ದಾದಿ ಎಡಿತ್ ಕ್ಯಾವೆಲ್ ಅವರ ಪಾತ್ರ. ಬ್ರಿಟಿಷ್ ವಿದೇಶಾಂಗ ಸಚಿವರ ವಿರೋಧದಿಂದ ಸೆನ್ಸಾರ್ ಮಂಡಳಿ ಅದಕ್ಕೆ ಪ್ರಮಾಣಪತ್ರ ನಿರಾಕರಿಸಿತು. ಸ್ಥಳೀಯ ಸಂಸ್ಥೆಗಳ ಅನುಮತಿಯಿಂದ ಅದು ಪ್ರದರ್ಶನ ಕಂಡಿತು. 1930ರಲ್ಲಿ ಪಾಲ್ ರೋಬ್‌ಸನ್ ಅವರ ಒಥೆಲೊ ಎದುರು ಎಮಿಲಿಯಾ ಆದರು: ಗಂಡ ಸುಮ್ಮನಿರು ಎಂದು ಆಜ್ಞಾಪಿಸಿದರೂ ಎಲ್ಲರೆದುರು ಸತ್ಯವನ್ನು ಹೇಳಿ ಪ್ರಾಣ ಕೊಡುವ ಪಾತ್ರವದು. 1938ರಲ್ಲಿ ಲಾರೆನ್ಸ್ ಒಲಿವಿಯರ್ ಅವರ ಕೋರಿಯೊಲೇನಸ್‌ಗೆ ತಾಯಿ ವೊಲಮ್ನಿಯಾ ಆಗಿ, ಶತ್ರುಗಳ ಶಿಬಿರದಲ್ಲಿ ಮಗನನ್ನು ಮಾತಿನಿಂದಲೇ ಗೆದ್ದರು. ಈ ಸಾಲಿನಲ್ಲಿ ಸ್ತ್ರೀಯ ಮಾತು ತನ್ನ ಉದ್ದೇಶವನ್ನು ಪೂರ್ಣವಾಗಿ ಸಾಧಿಸುವುದು ವೊಲಮ್ನಿಯಾಳಲ್ಲಿ ಮಾತ್ರ. ಅದರ ಬೆಲೆ ಮಗನ ಪ್ರಾಣ.

ರಂಗದ ಹೊರಗಿನ ಅವರ ಬದುಕೂ ಇದಕ್ಕೆ ಹೊರತಾಗಿರಲಿಲ್ಲ. 1926ರ ಸಾರ್ವತ್ರಿಕ ಮುಷ್ಕರದಲ್ಲಿ ಕಾರ್ಮಿಕರ ಪರ ನಿಂತರು. ಶಾಂತಿವಾದಿಯಾಗಿ ಯುದ್ಧವನ್ನು ವಿರೋಧಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪತಿಯೊಂದಿಗೆ ವೇಲ್ಸ್‌ನ ಕಲ್ಲಿದ್ದಲ ಗಣಿಗಳ ಊರುಗಳಲ್ಲಿ ಸಂಚರಿಸಿ 'ಮ್ಯಾಕ್‌ಬೆತ್', 'ಮೀಡಿಯಾ' ನಾಟಕಗಳನ್ನು ಆಡಿದರು. 1931ರಲ್ಲಿ ಅವರಿಗೆ ಡೇಮ್ ಪದವಿ ದೊರೆತಿತ್ತು. 1950ರ ದಶಕದ ಮಧ್ಯಭಾಗದಲ್ಲಿ ಪತಿಪತ್ನಿಯರಿಬ್ಬರೂ ನಾಟಕಭಾಗಗಳ ವಾಚನಕ್ಕಾಗಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ ಮೊದಲಾದ ದೇಶಗಳಲ್ಲಿ ಪ್ರವಾಸ ಮಾಡಿದರು.

ಥಾರ್ನ್‌ಡೈಕ್ ಅವರ ಅಭಿನಯಕ್ಕೆ ಸಲ್ಲುವ ಆಕ್ಷೇಪಗಳನ್ನೂ ಮರೆಯುವಂತಿಲ್ಲ. ಅವರ ಮಾತಿನಲ್ಲಿ ಒತ್ತು ಅತಿಯಾಗುತ್ತದೆ, ಉತ್ಸಾಹವು ಸೂಕ್ಷ್ಮತೆಯನ್ನು ಮುಚ್ಚುತ್ತದೆ ಎಂದು ಸಮಕಾಲೀನ ವಿಮರ್ಶಕರು ಆಗಾಗ ದೂರಿದ್ದರು. ಸಾವಿರ ಜನರಿಗೆ ಕೇಳುವಂತೆ ಪಳಗಿದ ದನಿಗೆ ಪಿಸುಮಾತು ಸುಲಭವಲ್ಲ. 'ಸೇಂಟ್ ಜೋನ್' ನಾಟಕದ ಕೆಥೀಡ್ರಲ್ ದೃಶ್ಯವನ್ನು 1927ರಲ್ಲಿ ಧ್ವನಿಸಹಿತ ಕಿರುಚಿತ್ರವಾಗಿ ಮುದ್ರಿಸಿಕೊಳ್ಳಲಾಯಿತು. ರಂಗಮಂದಿರದ ದೂರಕ್ಕೆಂದು ರೂಪುಗೊಂಡ ಸ್ವರ ಮತ್ತು ಹಾವಭಾವಗಳು ಕ್ಯಾಮೆರಾದ ಸಮೀಪದಲ್ಲಿ ಅಳತೆ ಮೀರಿದಂತೆ ಕಾಣುವುದು ಸಹಜ. ಇದು ಕೇವಲ ವ್ಯಕ್ತಿಗತ ದೋಷವಲ್ಲ. ಸಭೆಯನ್ನು ಕುರಿತು ಮಾತನಾಡುವ ರಂಗಭೂಮಿಯಿಂದ ಅಂತರಂಗವನ್ನು ಇಣುಕಿ ನೋಡುವ ರಂಗಭೂಮಿಗೆ ಅಭಿರುಚಿ ಬದಲಾದ ಕಾಲದಲ್ಲಿ ಮೊದಲನೆಯದರ ಪ್ರತಿನಿಧಿಯಾಗಿ ಅವರು ಉಳಿದರು.

ಆದರೂ ಇದೇ ಕೊನೆಯ ಮಾತಲ್ಲ. 1962ರಲ್ಲಿ ಚಿಚೆಸ್ಟರ್‌ನಲ್ಲಿ ಒಲಿವಿಯರ್ ಅವರು ನಿರ್ದೇಶಿಸಿದ ಚೆಕಾಫನ 'ಅಂಕಲ್ ವಾನ್ಯಾ' ನಾಟಕದಲ್ಲಿ ಥಾರ್ನ್‌ಡೈಕ್ ಅವರು ಮುದಿ ದಾದಿ ಮರೀನಾ ಆದರು. ಹೆಣಿಗೆ ಹಾಕುತ್ತ, ಮನೆಯವರ ಜಗಳಗಳನ್ನು ಕೇಳಿಸಿಕೊಳ್ಳುತ್ತ, ಚಹಾ ಬೇಕೇ ಎಂದು ವಿಚಾರಿಸುತ್ತ ಕುಳಿತುಕೊಳ್ಳುವ ಪಾತ್ರವದು. ಜೀವನವಿಡೀ ಸಭೆಯೆದುರು ನುಡಿದ ನಟಿ ಎಂಬತ್ತರ ಹೊಸ್ತಿಲಲ್ಲಿ ಕೇಳಿಸಿಕೊಳ್ಳುವವಳ ಸ್ಥಾನಕ್ಕೆ ಬಂದರು. ಅಲ್ಲಿ ದೊಡ್ಡ ದನಿಗೆ ಅವಕಾಶವೇ ಇಲ್ಲ. ಆ ಪಾತ್ರದಲ್ಲಿ ಅವರು ಪಡೆದ ಮೆಚ್ಚುಗೆ ಅವರ ಕಲೆಯ ವ್ಯಾಪ್ತಿಯನ್ನು ದನಿಯೊಂದರಿಂದಲೇ ಅಳೆಯಬಾರದೆಂಬುದಕ್ಕೆ ಸಾಕ್ಷಿ.

ಉಪಸಂಹಾರ

1969ರಲ್ಲಿ ಲೂಯಿಸ್ ಕ್ಯಾಸನ್ ನಿಧನರಾದರು. ಅದೇ ವರ್ಷ ಲೆದರ್‌ಹೆಡ್‌ನಲ್ಲಿ ತಮ್ಮದೇ ಹೆಸರಿನ ರಂಗಮಂದಿರದಲ್ಲಿ ಥಾರ್ನ್‌ಡೈಕ್ ಅವರು ಕೊನೆಯ ಬಾರಿಗೆ ರಂಗವನ್ನೇರಿದರು. 1976ರ ಜೂನ್ 9ರಂದು ಲಂಡನ್ನಿನಲ್ಲಿ ನಿಧನರಾದ ಅವರ ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇರಿಸಲಾಗಿದೆ.

'ಸೇಂಟ್ ಜೋನ್' ಷಾ ಅವರ ಕೃತಿ ಎಂಬುದರಲ್ಲಿ ವಿವಾದವಿಲ್ಲ. ಆದರೆ ಆ ಕೃತಿ ಬರುವುದಕ್ಕೆ ಮೊದಲು ಮ್ಯಾಂಚೆಸ್ಟರ್‌ನ ತಂಡ, ವಾಟರ್ಲೂ ರಸ್ತೆಯ ಪ್ರೇಕ್ಷಕರು, ಮರ್ರೆ ಅವರ ಅನುವಾದಗಳು, ಯುದ್ಧದಲ್ಲಿ ತೆರವಾದ ಪುರುಷಪಾತ್ರಗಳು, ಕಾಳಿದಾಸನ ಐದನೆಯ ಅಂಕ, ಷೆಲ್ಲಿಯ ನಿಷಿದ್ಧ ದುರಂತ—ಇವೆಲ್ಲ ಒಬ್ಬ ನಟಿಯಲ್ಲಿ ಕೂಡಿಕೊಂಡಿದ್ದವು. ನಾಟಕಕಾರ ಕಂಡದ್ದು ಈ ಸಂಚಯವನ್ನು. ನಾಟಕದ ಉಪಸಂಹಾರದಲ್ಲಿ ಸಂತಪದವಿ ಪಡೆದ ಜೋನ್ ತಾನು ಮತ್ತೆ ಬದುಕಿ ಬರಲೇ ಎಂದು ಕೇಳಿದಾಗ, ಅವಳನ್ನು ಹೊಗಳಿದವರೆಲ್ಲರೂ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ರಂಗಚರಿತ್ರೆಯು ನಟಿಯರನ್ನು ನಡೆಸಿಕೊಂಡಿರುವ ರೀತಿಯೂ ಇದಕ್ಕಿಂತ ತೀರ ಭಿನ್ನವಲ್ಲ: ಪದವಿ, ಸ್ಮಾರಕಗಳನ್ನು ಧಾರಾಳವಾಗಿ ನೀಡುತ್ತದೆ, ಕೃತಿಯಲ್ಲಿ ಅವರ ಪಾಲನ್ನು ಗುರುತಿಸುವ ಹೊತ್ತಿಗೆ ಹಿಂಜರಿಯುತ್ತದೆ. ನಾಟಕದ ಪಠ್ಯವನ್ನು ಓದುವಷ್ಟೇ ಶಿಸ್ತಿನಿಂದ ಪಾತ್ರಗಳ ಸರಣಿಯನ್ನೂ ಓದುವ ವಿಧಾನವು ಬೆಳೆದಲ್ಲಿ ಮಾತ್ರ ಈ ಕೊರತೆ ತುಂಬೀತು. ಭಾರತೀಯ ಭಾಷೆಗಳ ರಂಗಭೂಮಿಯ ನಟಿಯರ ಅಧ್ಯಯನಕ್ಕೂ ಈ ವಿಧಾನ ಸಲ್ಲುತ್ತದೆ.